ಹಿಂಡು, ಯಜಮಾನಿಕೆ ಮತ್ತು ಪಳಗಿಸುವ ವಿದ್ಯೆ: ನಾಯಿಯ ಸಾಮಾಜಿಕ ಸ್ವಭಾವದ ಒಂದು ವಿಚಾರ

(ಕೆರೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇಂದಿನ ದತ್ತಿ ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯವು ನಾಯಿಯ ಹಿಂಡುಸ್ವಭಾವ ಮತ್ತು ಅದರ ಕುರಿತಾದ ತಿಳುವಳಿಕೆಯು ನಾಯಿಯನ್ನು ಪಳಗಿಸುವ ವಿಧಾನಗಳ ಮೇಲೆ ಬೀರಿದ ಪ್ರಭಾವ. ಹಿಂಡುಸ್ವಭಾವವೆಂದರೆ ಒಂದು ಪ್ರಾಣಿಯು ತನ್ನಂಥ ಇತರ ಪ್ರಾಣಿಗಳೊಡನೆ ಸ್ಥಿರವಾದ ಗುಂಪು ಕಟ್ಟಿಕೊಂಡು, ಆಹಾರ, ನೆಲೆ, ಮರಿಗಳ ಪಾಲನೆ, ರಕ್ಷಣೆ ಮೊದಲಾದ ಬದುಕಿನ ಮುಖ್ಯ ಕೆಲಸಗಳನ್ನು ಆ ಗುಂಪಿನ ಒಳಸಂಬಂಧಗಳ ಮೂಲಕ ನಡೆಸಿಕೊಳ್ಳುವ ಪ್ರವೃತ್ತಿ. ಬಾಗಲಕೋಟೆ ಜಿಲ್ಲೆಗೆ ಈ ವಿಷಯ ದೂರದ್ದಲ್ಲ. ಜಗತ್ತಿನ ಶ್ವಾನಪ್ರಿಯರು ಹೆಸರಿನಿಂದ ಬಲ್ಲ ಮುಧೋಳ ನಾಯಿಯ ತವರು ಇದೇ ಜಿಲ್ಲೆ. ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಕುರಿಗಾರರು ಇಂದಿಗೂ ರಾತ್ರಿಯ ಕುರಿಹಟ್ಟಿಯ ಕಾವಲನ್ನು ನಾಯಿಗಳಿಗೆ ವಹಿಸುತ್ತಾರೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿನ ಕೆರೂರಿನಂಥ ಸಂತೆಯೂರುಗಳಲ್ಲಿ ಬೀದಿನಾಯಿಗಳ ಗುಂಪು ನಿತ್ಯದ ನೋಟವೂ ಹೌದು, ನಿತ್ಯದ ಚಿಂತೆಯೂ ಹೌದು.

ವಿಷಯವನ್ನು ನಾಲ್ಕು ಭಾಗಗಳಲ್ಲಿ ನಿರೂಪಿಸಲಾಗುವುದು. ಮೊದಲನೆಯ ಭಾಗದಲ್ಲಿ ತೋಳ ಮತ್ತು ಕೆನ್ನಾಯಿಗಳ ಹಿಂಡಿನ ನಿಜಸ್ವರೂಪ, ಎರಡನೆಯದರಲ್ಲಿ ಊರುನಾಯಿಗಳ ಸಾಮಾಜಿಕ ಜೀವನ, ಮೂರನೆಯದರಲ್ಲಿ ಯಜಮಾನಿಕೆಯ ಸಿದ್ಧಾಂತವನ್ನು ಆಧರಿಸಿ ಬೆಳೆದ ತರಬೇತಿ ಪದ್ಧತಿಗಳು ಮತ್ತು ಅವುಗಳ ಪರೀಕ್ಷೆ, ನಾಲ್ಕನೆಯದರಲ್ಲಿ ಮುಧೋಳ ನಾಯಿಗೂ ಈ ಸೀಮೆಯ ನಾಯಿಪಾಲನೆಗೂ ಈ ತಿಳುವಳಿಕೆಯಿಂದ ಒದಗುವ ಪಾಠಗಳು ಬರುತ್ತವೆ. ಪ್ರತಿಪಾದಿಸಬೇಕಾದ ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಉಚಿತ: ನಾಯಿಗೆ ಗುಂಪಿನ ಸ್ವಭಾವವಿರುವುದು ಸತ್ಯ, ಆದರೆ ಆ ಸ್ವಭಾವದ ಮೂಲ ಕುಟುಂಬಜೀವನದಲ್ಲಿದೆ; ಅದನ್ನು ಅಧಿಕಾರಕ್ಕಾಗಿ ನಡೆಯುವ ಕಾದಾಟವೆಂದು ತಿಳಿದು, ಹೊಡೆದು ಬಡಿದು ಒಡೆಯನಾಗಬೇಕೆಂದು ಬೋಧಿಸಿದ ಪದ್ಧತಿಯು ತಪ್ಪು ಆಧಾರದ ಮೇಲೆ ನಿಂತಿದೆ.

ಮೊದಲನೆಯದಾಗಿ ತೋಳದ ಹಿಂಡನ್ನು ಪರಿಶೀಲಿಸಬೇಕು. ಏಕೆಂದರೆ ನಾಯಿಯು ಪ್ರಾಚೀನ ತೋಳಗಳ ವಂಶದಿಂದ ಸಾವಿರಾರು ವರ್ಷಗಳ ಹಿಂದೆ ಕವಲೊಡೆದು ಬಂದ ಪ್ರಾಣಿಯಾದ್ದರಿಂದ, ಅದರ ಸಾಮಾಜಿಕ ಸ್ವಭಾವವನ್ನು ಕುರಿತ ಊಹೆಗಳಲ್ಲಿ ಹೆಚ್ಚಿನವು ತೋಳದ ಅಧ್ಯಯನದಿಂದಲೇ ಹುಟ್ಟಿದವು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಪ್ರಾಣಿವಿಜ್ಞಾನಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ಚಿಕ್ಕ ಆವರಣವೊಂದರಲ್ಲಿ ಕೂಡಿಹಾಕಿದ್ದ ತೋಳಗಳ ವರ್ತನೆಯನ್ನು ವಿವರಿಸಿ ಒಂದು ಪ್ರಬಂಧ ಪ್ರಕಟಿಸಿದನು. ಆ ತೋಳಗಳು ಒಂದನ್ನೊಂದು ಬೆದರಿಸಿ, ಕಚ್ಚಿ, ಮಣಿಸಿ ಮೇಲು ಕೀಳಿನ ಶ್ರೇಣಿಯನ್ನು ಕಟ್ಟಿಕೊಳ್ಳುತ್ತಿದ್ದವು, ಮತ್ತು ಶ್ರೇಣಿಯ ತುದಿಯಲ್ಲಿ ಒಂದು ಗಂಡು ಮತ್ತು ಒಂದು ಹೆಣ್ಣು ನಿಲ್ಲುತ್ತಿದ್ದವು. ಈ ತುದಿಯ ಪ್ರಾಣಿಯನ್ನೇ ಮುಂದೆ ‘ಆಲ್ಫಾ’, ಅಂದರೆ ಹಿಂಡಿನ ಅಧಿಪತಿ ಎಂದು ಕರೆಯುವ ರೂಢಿ ಬಂದಿತು. ಅಮೆರಿಕದ ತೋಳತಜ್ಞ ಎಲ್. ಡೇವಿಡ್ ಮೆಕ್ 1970ರಲ್ಲಿ ಹೊರತಂದ ತೋಳದ ಕುರಿತಾದ ಗ್ರಂಥವೂ ಈ ಪರಿಭಾಷೆಯನ್ನೇ ಸ್ವೀಕರಿಸಿ, ಅದನ್ನು ಜನಸಾಮಾನ್ಯರವರೆಗೆ ತಲುಪಿಸಿತು.

ಶೆಂಕೆಲ್ ಕಂಡದ್ದು ಸುಳ್ಳಲ್ಲ. ಆದರೆ ಅವನು ಕಂಡದ್ದು ಸೆರೆಯಲ್ಲಿದ್ದ ತೋಳಗಳನ್ನು. ಬೇರೆ ಬೇರೆ ಮನೆಗಳ ಎತ್ತುಗಳನ್ನು ತಂದು ಒಂದೇ ಗೋದಲಿಗೆ ಕಟ್ಟಿದಾಗ ಅವು ಹಾಯ್ದಾಡುವುದನ್ನು ನೋಡಿ, ಎತ್ತಿನ ಇಡೀ ಬಾಳೇ ಹಾಯ್ದಾಟವೆಂದು ನಿರ್ಣಯಿಸಿದರೆ ಎಷ್ಟು ಸರಿಯೋ ತೋಳದ ಹಿಂಡೆಲ್ಲ ಅಧಿಕಾರದ ಕಾದಾಟವೆಂಬ ತೀರ್ಮಾನವೂ ಅಷ್ಟೇ ಸರಿ. ಮೆಕ್ ಅವರೇ 1986ರಿಂದ ಕೆನಡಾದ ಉತ್ತರದ ತುದಿಯಲ್ಲಿರುವ ಎಲ್ಸ್‌ಮಿಯರ್ ದ್ವೀಪಕ್ಕೆ ಹೋಗಿ, ಮನುಷ್ಯರ ಬೇಟೆಯ ಭಯವಿಲ್ಲದೆ ಬೆಳೆದ ಕಾಡುತೋಳಗಳ ಹಿಂಡನ್ನು ಹಲವು ಬೇಸಿಗೆಗಳಲ್ಲಿ ತೀರ ಹತ್ತಿರದಿಂದ ಗಮನಿಸಿದರು. ಅಲ್ಲಿ ಕಂಡ ಹಿಂಡು ಒಂದು ಕುಟುಂಬವಾಗಿತ್ತು: ತಂದೆ, ತಾಯಿ, ಆ ವರ್ಷದ ಮರಿಗಳು, ಹಿಂದಿನ ಒಂದೆರಡು ವರ್ಷಗಳ ಮಕ್ಕಳು. ಮಕ್ಕಳು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷದ ಪ್ರಾಯದಲ್ಲಿ ಹಿಂಡು ಬಿಟ್ಟು ಹೋಗಿ, ಜೋಡಿ ಹುಡುಕಿಕೊಂಡು ತಮ್ಮದೇ ಹಿಂಡನ್ನು ಆರಂಭಿಸುತ್ತವೆ. ಹೀಗಾಗಿ ‘ಅಧಿಪತಿ’ಯಾಗಲು ಯಾವ ತೋಳವೂ ಯಾರನ್ನೂ ಸೋಲಿಸಬೇಕಾದ ಪ್ರಮೇಯ ಸಹಜ ಹಿಂಡಿನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಹೆತ್ತವರೆಂಬ ಕಾರಣದಿಂದಲೇ ಅವು ಮುಂದಾಳುಗಳಾಗುತ್ತವೆ. 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮೆಕ್ ಈ ವಿಷಯವನ್ನು ವಿಸ್ತಾರವಾಗಿ ಮಂಡಿಸಿದರು. ಮುಂದೆ, ಹಳೆಯ ಪರಿಭಾಷೆಯನ್ನು ಹರಡಿದ ತಮ್ಮದೇ ಗ್ರಂಥದ ಮರುಮುದ್ರಣವನ್ನು ನಿಲ್ಲಿಸುವಂತೆ ಪ್ರಕಾಶಕರನ್ನು ಕೇಳಿಕೊಂಡರು. ತಾವೇ ಪ್ರಸಿದ್ಧಿಗೆ ತಂದ ವಿಚಾರವನ್ನು ಹೊಸ ಸಾಕ್ಷ್ಯ ಸಿಕ್ಕ ಮೇಲೆ ಬಹಿರಂಗವಾಗಿ ತಿದ್ದಿಕೊಂಡ ಈ ನಡೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಆದರ್ಶಪ್ರಾಯವಾದುದು.

ಇಂಥದೇ ಸಾಕ್ಷ್ಯ ಕನ್ನಡ ನಾಡಿನಲ್ಲಿಯೂ ದೊರೆತಿದೆ. ಸೀಳುನಾಯಿಯೆಂದೂ ಕರೆಯಲಾಗುವ ಕೆನ್ನಾಯಿಯು ನಾಯಿಯ ನೇರ ಪೂರ್ವಜವಲ್ಲವಾದರೂ ಅದೇ ಜೀವಿಕುಟುಂಬದ ಪ್ರಾಣಿ. ಎ.ಜೆ.ಟಿ. ಜಾನ್‌ಸಿಂಗ್ ಅವರು 1976ರಿಂದ 1978ರವರೆಗೆ ಬಂಡೀಪುರದ ಕಾಡಿನಲ್ಲಿ ಕೆನ್ನಾಯಿಗಳನ್ನು ಅಧ್ಯಯನ ಮಾಡಿ, ಹಿಂಡಿನ ದೊಡ್ಡ ಪ್ರಾಣಿಗಳು ಬೇಟೆಯಿಂದ ಮರಳಿ ಬಂದು, ನುಂಗಿದ ಮಾಂಸವನ್ನು ಕಕ್ಕಿ ಮರಿಗಳಿಗೂ ಗೂಡಿನ ತಾಯಿಗೂ ಉಣಿಸುವುದನ್ನು ದಾಖಲಿಸಿದರು. ಕೃಪಾಕರ–ಸೇನಾನಿ ಅವರು ‘ಕೆನ್ನಾಯಿಯ ಜಾಡಿನಲ್ಲಿ’ ಎಂಬ ಪುಸ್ತಕದ ಮೂಲಕವೂ ಚಲನಚಿತ್ರಗಳ ಮೂಲಕವೂ ಈ ಹಿಂಡುಗಳ ಬಾಳನ್ನು ಕನ್ನಡಿಗರಿಗೆ ಪರಿಚಯಿಸಿದ್ದಾರೆ. ಬೇಟೆ ಬಿದ್ದ ಮೇಲೆ ಮರಿಗಳಿಗೆ ಮೊದಲು ತಿನ್ನಲು ಅವಕಾಶ ಕೊಡುವ ಈ ಪ್ರಾಣಿಗಳನ್ನು, ಬಲಿಷ್ಠನೇ ಮೊದಲು ಉಣ್ಣುವನೆಂಬ ನಿಯಮಕ್ಕೆ ಉದಾಹರಣೆಯಾಗಿ ಹೇಳುವುದು ಸಾಧ್ಯವಿಲ್ಲ. ಬಯಲುಸೀಮೆಯ ತೋಳವೂ ಹೀಗೆಯೇ ಚಿಕ್ಕ ಕುಟುಂಬಗಳಲ್ಲಿ ಬದುಕುತ್ತದೆ; ನೆರೆಯ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಪ್ರದೇಶವನ್ನು ತೋಳಧಾಮವಾಗಿ ಕಾಯ್ದಿರಿಸಿರುವುದರಿಂದ, ಈ ಭಾಗದ ವಿದ್ಯಾರ್ಥಿಗಳಿಗೆ ಅಂಥ ಕುಟುಂಬಗಳನ್ನು ಅರಿಯುವ ಅವಕಾಶ ಮುಂದೆ ಇನ್ನಷ್ಟು ತೆರೆಯಬಹುದು.

ತೋಳದ ಹಿಂಡಿನ ವಿಚಾರವನ್ನು ಇಲ್ಲಿಗೆ ನಿಲ್ಲಿಸಿ, ಈಗ ಎರಡನೆಯ ಭಾಗಕ್ಕೆ, ಅಂದರೆ ನಾಯಿಯ ಸ್ವಂತ ಸಾಮಾಜಿಕ ಜೀವನಕ್ಕೆ ಬರಬಹುದು. ತೋಳದ ಹಿಂಡನ್ನು ಸರಿಯಾಗಿ ಅರ್ಥಮಾಡಿಕೊಂಡರೂ ಅದನ್ನು ಹಾಗೆಯೇ ನಾಯಿಗೆ ಅನ್ವಯಿಸಲಾಗದು. ಏಕೆಂದರೆ ಸಾವಿರಾರು ವರ್ಷ ಮನುಷ್ಯನ ಮಗ್ಗುಲಲ್ಲಿ ಬಾಳಿದ ನಾಯಿಯು ಹೊಟ್ಟೆ ಹೊರೆಯುವ ದಾರಿಯನ್ನೇ ಬದಲಿಸಿಕೊಂಡಿತು. ದೊಡ್ಡ ಮೃಗವನ್ನು ಕೂಡಿ ಬೇಟೆಯಾಡುವ ತೋಳಕ್ಕೆ ಒಗ್ಗಟ್ಟು ಅನಿವಾರ್ಯ; ಮನೆಯ ಮುಂದಿನ ರೊಟ್ಟಿಚೂರು, ಖಾನಾವಳಿಯ ಹಿಂದಿನ ಎಂಜಲು, ಮಾಂಸದಂಗಡಿಯ ತ್ಯಾಜ್ಯವನ್ನು ಆಶ್ರಯಿಸಿದ ಊರುನಾಯಿಗೆ ಅದು ಅನಿವಾರ್ಯವಲ್ಲ. ಅಮೆರಿಕದ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ 2001ರ ತಮ್ಮ ಗ್ರಂಥದಲ್ಲಿ, ಜಗತ್ತಿನ ಹಳ್ಳಿಗಳಲ್ಲಿ ಬದುಕುವ ಇಂಥ ನಾಯಿಯೇ ನಾಯಿಜಾತಿಯ ಸಹಜ ಮಾದರಿಯೆಂದು ವಾದಿಸಿದರು.

ಈ ವಿಷಯದಲ್ಲಿ ಭಾರತದ ಕೊಡುಗೆ ಗಣನೀಯವಾಗಿದೆ. ಕೊಲ್ಕತ್ತಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ನೇತೃತ್ವದ ತಂಡವು ಬೀದಿನಾಯಿಗಳನ್ನು ಅವುಗಳ ನೆಲೆಯಲ್ಲಿಯೇ ಅಧ್ಯಯನ ಮಾಡುತ್ತ ಬಂದಿದೆ. ಊರುನಾಯಿಗಳು ಗುಂಪುಗಳಲ್ಲಿ ಇರುವುದೂ ತಮ್ಮ ಓಣಿಯ ಎಲ್ಲೆಯನ್ನು ಕೂಡಿ ಕಾಯುವುದೂ ನಿಜ, ಆದರೆ ಆಹಾರ ಹುಡುಕುವಾಗ ಅವು ಹೆಚ್ಚಾಗಿ ಒಂಟಿಯಾಗಿಯೇ ಅಲೆಯುತ್ತವೆ ಎಂಬುದನ್ನು ಈ ತಂಡ ತೋರಿಸಿತು. 364 ಮರಿಗಳನ್ನು ಅನುಸರಿಸಿದ ಇನ್ನೊಂದು ಅಧ್ಯಯನದಲ್ಲಿ, ಮರಿಹಾಕುವ ಪ್ರಾಯದವರೆಗೆ ಬದುಕುಳಿದವು ಶೇಕಡಾ 19 ಮಾತ್ರ. ಸಾವುಗಳಲ್ಲಿ ಶೇಕಡಾ 63ರಷ್ಟಕ್ಕೆ ಮನುಷ್ಯರು ಒಂದಲ್ಲ ಒಂದು ರೀತಿಯಲ್ಲಿ ಕಾರಣರಾಗಿದ್ದರು. ಇಷ್ಟೆಲ್ಲ ಅಪಾಯ ಮನುಷ್ಯನಿಂದಲೇ ಬರುವಾಗಲೂ ನಾಯಿ ಮನುಷ್ಯನನ್ನು ನಂಬಲು ಸಿದ್ಧವಾಗಿರುತ್ತದೆ ಎಂಬುದು 2017ರ ಪ್ರಯೋಗದಿಂದ ತಿಳಿದುಬಂದಿತು: ಅಪರಿಚಿತ ವ್ಯಕ್ತಿಯೊಬ್ಬ ಬೀದಿನಾಯಿಗಳಿಗೆ ಪದೇ ಪದೇ ಆಹಾರ ಕೊಟ್ಟಾಗ ಬೆಳೆದ ನಂಟಿಗಿಂತ, ಪದೇ ಪದೇ ತಲೆ ನೇವರಿಸಿದಾಗ ಬೆಳೆದ ನಂಟು ಹೆಚ್ಚು ಗಟ್ಟಿಯಾಗಿತ್ತು. ನಾಯಿ ಪಳಗಿಸುವವರು ಸದಾ ನೆನಪಿಡಬೇಕಾದ ಸಂಗತಿಯಿದು.

ನಾಯಿಗಳ ನಡುವೆ ಮೇಲು ಕೀಳಿನ ಶ್ರೇಣಿಯೇ ಇಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಇಟಲಿಯ ರೋಮ್ ನಗರದ ಅಂಚಿನಲ್ಲಿ ಸ್ವತಂತ್ರವಾಗಿ ಬದುಕುತ್ತಿದ್ದ ನಾಯಿಗಳ ಹಿಂಡನ್ನು ರೊಬೆರ್ತೊ ಬೊನಾನಿ, ಸಿಮೊನಾ ಕಫಾತ್ಸೊ ಮತ್ತು ಅವರ ಸಹೋದ್ಯೋಗಿಗಳು ಪರಿಶೀಲಿಸಿದಾಗ ಅಲ್ಲಿ ಶ್ರೇಣಿ ಇರುವುದು ಕಂಡಿತು. ಆದರೆ ಹಿಂಡು ಎಲ್ಲಿಗಾದರೂ ಹೊರಟಾಗ ಮುಂದೆ ನಡೆಯುತ್ತಿದ್ದದ್ದು ಒಂದೇ ನಾಯಿಯಲ್ಲ. ಹೆಚ್ಚಾಗಿ ಮುಂದಾಗುತ್ತಿದ್ದವು ಇತರ ನಾಯಿಗಳು ಸ್ನೇಹದಿಂದ ಬಾಲವಾಡಿಸಿ ವಂದಿಸುತ್ತಿದ್ದ ಹಿರಿಯ ನಾಯಿಗಳು. ಆಸ್ಟ್ರಿಯಾದ ವಿಯೆನ್ನಾ ಬಳಿಯ ಎರ್ನ್‌ಸ್ಟ್‌ಬ್ರುನ್‌ನ ತೋಳವಿಜ್ಞಾನ ಕೇಂದ್ರದಲ್ಲಿ, ಒಂದೇ ಬಗೆಯಲ್ಲಿ ಬೆಳೆಸಿದ ತೋಳಗಳಿಗೂ ನಾಯಿಗಳಿಗೂ ಎರಡು ಪ್ರಾಣಿಗಳು ಏಕಕಾಲಕ್ಕೆ ಹಗ್ಗ ಎಳೆದರೆ ಮಾತ್ರ ಆಹಾರ ಸಿಗುವ ಪರೀಕ್ಷೆಯನ್ನು ಒಡ್ಡಿದಾಗ, ತೋಳಗಳು ಕೂಡಿ ಗೆದ್ದವು, ನಾಯಿಗಳು ಬಹುತೇಕ ಸೋತವು. ಇನ್ನೊಂದೆಡೆ, ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಆದಂ ಮಿಕ್ಲೋಶಿ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾವಾಗಿ ಬಿಡಿಸಲಾಗದ ಸಮಸ್ಯೆ ಎದುರಾದಾಗ ನಾಯಿಗಳು ತಿರುಗಿ ಮನುಷ್ಯನ ಮುಖ ನೋಡಿದವು. ಮನುಷ್ಯರ ಕೈಯಲ್ಲಿಯೇ ಬೆಳೆದ ತೋಳಗಳು ಹಾಗೆ ಮಾಡಲಿಲ್ಲ. ಈ ಎರಡು ಪ್ರಯೋಗಗಳನ್ನು ಕೂಡಿಸಿ ನೋಡಿದರೆ ನಾಯಿಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ: ತೋಳಕ್ಕೆ ಸಂಗಾತಿ ತೋಳವಾದರೆ, ನಾಯಿಗೆ ಸಂಗಾತಿ ಮನುಷ್ಯ.

ಇಲ್ಲಿಂದ ಮೂರನೆಯ ಭಾಗವಾದ ತರಬೇತಿ ಪದ್ಧತಿಗಳ ಇತಿಹಾಸಕ್ಕೆ ದಾಟಬಹುದು. ಜರ್ಮನಿಯ ಪೊಲೀಸ್ ಅಧಿಕಾರಿ ಕಾನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ಕೈಪಿಡಿಯು ಪೊಲೀಸ್ ಮತ್ತು ಸೇನಾ ನಾಯಿಗಳ ಶಿಕ್ಷಣಕ್ಕೆ ಬಹುಕಾಲ ಆಧಾರವಾಯಿತು. ಕೊರಳಪಟ್ಟಿಯನ್ನು ಜಗ್ಗುವುದು, ಬೆತ್ತ ಪ್ರಯೋಗಿಸುವುದು ಮೊದಲಾದ ಒತ್ತಾಯದ ಕ್ರಮಗಳಿಗೆ ಅದರಲ್ಲಿ ಪ್ರಧಾನ ಸ್ಥಾನವಿತ್ತು, ಹಿಂಡಿನಲ್ಲಿ ಪ್ರಬಲ ನಾಯಿಗೆ ಇರುವ ಸ್ಥಾನವನ್ನು ಮನುಷ್ಯನು ಪಡೆಯಬೇಕೆಂಬ ವಿಚಾರವೂ ಇತ್ತು. 1962ರಲ್ಲಿ ಅಮೆರಿಕದ ವಿಲಿಯಂ ಕೋಲರ್ ಬರೆದ ಪುಸ್ತಕ ಈ ಕಠಿಣ ಶಿಸ್ತನ್ನು ಸಾಕುನಾಯಿಗಳ ಮನೆಗಳಿಗೆ ತಂದಿತು. 1978ರಲ್ಲಿ ನ್ಯೂ ಸ್ಕೀಟ್ ಮಠದ ಸಂನ್ಯಾಸಿಗಳು ಬರೆದ ಜನಪ್ರಿಯ ಪುಸ್ತಕವು, ತಪ್ಪು ಮಾಡಿದ ನಾಯಿಯನ್ನು ಅಂಗಾತ ಕೆಡವಿ ಅದುಮಿ ಹಿಡಿಯುವ ಕ್ರಮವನ್ನು ಪ್ರಚಾರಕ್ಕೆ ತಂದಿತು. ಅದೇ ಸಂನ್ಯಾಸಿಗಳು ನಂತರದ ಆವೃತ್ತಿಯಲ್ಲಿ ಆ ಸಲಹೆಯನ್ನು ಕೈಬಿಟ್ಟರು. 2004ರಿಂದ ದೂರದರ್ಶನ ಕಾರ್ಯಕ್ರಮಗಳ ಮೂಲಕ ಪ್ರಸಿದ್ಧರಾದ ಸೀಸರ್ ಮಿಲನ್ ಅವರು ಹಿಂಡಿನ ನಾಯಕನೆಂಬ ಕಲ್ಪನೆಯನ್ನು ಮತ್ತೊಮ್ಮೆ ಮನೆಮಾತಾಗಿಸಿದರು. ನಾಯಿ ಉಣ್ಣುವ ಮೊದಲು ಯಜಮಾನ ಉಣ್ಣಬೇಕು, ಬಾಗಿಲನ್ನು ಯಜಮಾನನೇ ಮೊದಲು ದಾಟಬೇಕು, ನಾಯಿಗೆ ಎತ್ತರದ ಜಾಗ ಕೊಡಬಾರದು ಎಂಬಂಥ ಸಲಹೆಗಳೆಲ್ಲ ಈ ಪರಂಪರೆಯಿಂದ ಹೊರಟವು.

ಈ ಪದ್ಧತಿಗಳನ್ನು ಎರಡು ನೆಲೆಗಳಲ್ಲಿ ಪರೀಕ್ಷಿಸಬೇಕಾಗುತ್ತದೆ. ಮೊದಲನೆಯದು ಆಧಾರದ ನೆಲೆ: ಸಹಜ ಹಿಂಡು ಕುಟುಂಬವೆಂದೂ ನಾಯಿ ತೋಳವಲ್ಲವೆಂದೂ ಸಿದ್ಧವಾದ ಮೇಲೆ, ಒಡೆಯನ ಸ್ಥಾನವನ್ನು ಕಸಿಯಲು ನಾಯಿ ಹವಣಿಸುತ್ತಿದೆ ಎಂಬ ಶಂಕೆಗೆ ಬಲವಿಲ್ಲ. ಕರೆದಾಗ ಬಾರದ ನಾಯಿಯು ಅಧಿಕಾರಕ್ಕೆ ಸವಾಲು ಹಾಕುತ್ತಿಲ್ಲ. ಆ ಕರೆಗೆ ಬಂದರೆ ಏನು ಸಿಗುತ್ತದೆಂದು ಅದು ಕಲಿತಿಲ್ಲ, ಇಲ್ಲವೆ ಬಂದಾಗಲೆಲ್ಲ ಏಟೇ ಸಿಗುತ್ತದೆಂದು ಕಲಿತಿದೆ. ಎರಡನೆಯದು ಪರಿಣಾಮದ ನೆಲೆ. 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೆಗನ್ ಹೆರನ್ ಮತ್ತು ಸಹೋದ್ಯೋಗಿಗಳು ವರ್ತನೆಯ ತೊಂದರೆಗಾಗಿ ಚಿಕಿತ್ಸೆಗೆ ಬಂದ ನಾಯಿಗಳ ಮಾಲೀಕರನ್ನು ವಿಚಾರಿಸಿದಾಗ, ಹೊಡೆಯುವುದು, ಒದೆಯುವುದು, ಅಂಗಾತ ಕೆಡವುವುದು ಮೊದಲಾದ ಕ್ರಮಗಳಿಗೆ ಗುರಿಯಾದ ನಾಯಿಗಳಲ್ಲಿ ಕನಿಷ್ಠ ನಾಲ್ಕನೆಯ ಒಂದು ಭಾಗ ತಿರುಗಿಬಿದ್ದು ಆಕ್ರಮಣ ತೋರಿದ್ದವು. 2020ರಲ್ಲಿ ಪೋರ್ಚುಗಲ್‌ನ ಸಂಶೋಧಕರು 92 ಸಾಕುನಾಯಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ದಂಡನೆಯ ಶಾಲೆಗಳಲ್ಲಿ ಕಲಿಯುತ್ತಿದ್ದ ನಾಯಿಗಳು ಹೆಚ್ಚು ಒತ್ತಡದ ಲಕ್ಷಣಗಳನ್ನು ತೋರಿದವು. ಒತ್ತಡದ ಕಾಲದಲ್ಲಿ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಪಾಠದ ನಂತರ ಅವುಗಳಲ್ಲಿ ಹೆಚ್ಚಿತ್ತು. ಅಮೆರಿಕದ ಪಶುವೈದ್ಯರ ಪ್ರಾಣಿವರ್ತನೆ ಸಂಘವು 2008ರಲ್ಲಿ ಯಜಮಾನಿಕೆಯ ಸಿದ್ಧಾಂತವನ್ನು ತರಬೇತಿಗೆ ಬಳಸುವುದರ ವಿರುದ್ಧ ಎಚ್ಚರಿಸಿತು. 2021ರಲ್ಲಿ ಬಹುಮಾನ ಆಧಾರಿತ ಪದ್ಧತಿಯನ್ನೇ ಅನುಸರಿಸಬೇಕೆಂದು ಹೇಳಿತು.

ಬಹುಮಾನ ಆಧಾರಿತ ಪದ್ಧತಿಯ ತಾತ್ವಿಕ ತಳಹದಿಯೂ ಹೊಸದಲ್ಲ. ಸುಖಕರ ಪರಿಣಾಮ ಬರುವ ವರ್ತನೆಯನ್ನು ಪ್ರಾಣಿ ಮತ್ತೆ ಮಾಡುತ್ತದೆ, ಅಹಿತಕರ ಪರಿಣಾಮ ಬರುವುದನ್ನು ಕ್ರಮೇಣ ಬಿಡುತ್ತದೆ ಎಂಬ ನಿಯಮವನ್ನು ಎಡ್ವರ್ಡ್ ಥಾರ್ನ್‌ಡೈಕ್ 1898ರ ತನ್ನ ಪ್ರಬಂಧದಿಂದ ಆರಂಭಿಸಿ ಪ್ರಯೋಗಗಳ ಮೂಲಕ ರೂಪಿಸಿದನು. ಗಂಟೆಯಂಥ ತಟಸ್ಥ ಸಂಕೇತವೂ ಆಹಾರದೊಡನೆ ಜೋಡಿಯಾದರೆ ಆಹಾರದಂತೆಯೇ ಜೊಲ್ಲನ್ನು ತರಿಸುತ್ತದೆ ಎಂಬುದನ್ನು ರಷ್ಯಾದ ಪಾವ್ಲೊವ್ ನಾಯಿಗಳ ಮೂಲಕವೇ ತೋರಿಸಿದನು. ಬಿ.ಎಫ್. ಸ್ಕಿನ್ನರ್ ಪರಿಣಾಮದ ಮೂಲಕ ಆಗುವ ಕಲಿಕೆಗೆ ವ್ಯವಸ್ಥಿತ ರೂಪ ಕೊಟ್ಟನು. ಬೇಕಾದ ವರ್ತನೆಯ ಬೆನ್ನಿಗೇ ಹಿತಕರವಾದುದನ್ನು ಕೊಟ್ಟು ಅದನ್ನು ಗಟ್ಟಿಗೊಳಿಸುವುದಕ್ಕೆ ಮನೋವಿಜ್ಞಾನದಲ್ಲಿ ಬಲವರ್ಧನೆ ಎಂದು ಹೆಸರು. 1984ರಲ್ಲಿ ಕ್ಯಾರೆನ್ ಪ್ರಯರ್ ಬರೆದ ಪುಸ್ತಕವು ಈ ತತ್ತ್ವವನ್ನು ನಾಯಿ ಸಾಕುವವರ ಕೈಗೆ ತಲುಪಿಸಿತು. ಈ ಪದ್ಧತಿಯಲ್ಲಿ ಶಿಸ್ತಿಲ್ಲವೆಂಬ ಆಕ್ಷೇಪವಿದೆ. ಆದರೆ ಬೇಕಾದ ವರ್ತನೆ ಕಂಡ ಕ್ಷಣದಲ್ಲಿಯೇ ಬಹುಮಾನ ಕೊಡುವುದು, ಬೇಡದ ವರ್ತನೆಗೆ ಯಾವ ಲಾಭವೂ ಸಿಗದಂತೆ ನೋಡಿಕೊಳ್ಳುವುದು, ಮನೆಯವರೆಲ್ಲರೂ ಒಂದೇ ಮಾತು ಒಂದೇ ನಿಯಮ ಪಾಲಿಸುವುದು ಕೋಲು ಎತ್ತುವುದಕ್ಕಿಂತ ಕಠಿಣವಾದ ಶಿಸ್ತು, ಮತ್ತು ಆ ಶಿಸ್ತು ಮೊದಲು ಮನುಷ್ಯನಿಗೆ ಬೇಕು.

ನಾಲ್ಕನೆಯ ಹಾಗೂ ಕೊನೆಯ ಭಾಗವು ಈ ತಿಳುವಳಿಕೆಯನ್ನು ನಮ್ಮ ನೆಲಕ್ಕೆ ಅನ್ವಯಿಸುವುದು. ಕನ್ನಡ ನಾಡಿನಲ್ಲಿ ನಾಯಿಯ ಗೌರವ ಹಳೆಯದು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನವು ಕಾಳಿ ಎಂಬ ಬೇಟೆನಾಯಿಯ ಸ್ಮಾರಕವೂ ಆಗಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ ನಂತರ ಗಂಗ ಬೂತುಗನಿಗೆ ಕೊಟ್ಟ ನಾಡುಗಳಲ್ಲಿ ಕಿಸುಕಾಡು ಎಪ್ಪತ್ತು ಮತ್ತು ಬಾಗೆನಾಡು ಎಪ್ಪತ್ತೂ ಸೇರಿದ್ದವು, ಅಂದರೆ ಪಟ್ಟದಕಲ್ಲು ಮತ್ತು ಬಾಗಲಕೋಟೆಯ ಇದೇ ಸೀಮೆ. ಆ ಬೂತುಗನಿಂದ ಮಣಲೇರ ಎಂಬ ವೀರನು ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿಯನ್ನು. ಕಾಡುಹಂದಿಯೊಡನೆ ಕಾದಿ ಹಂದಿಯೂ ನಾಯಿಯೂ ಸತ್ತಾಗ, ಆ ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಯಾಗಿ ಬಿಡಲಾಯಿತು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೊಂದರ ನೆನಪಿಗೆ ದತ್ತಿ ಬಿಟ್ಟ ನಾಡಿನಲ್ಲಿ, ದತ್ತಿ ಉಪನ್ಯಾಸವೊಂದು ನಾಯಿಯನ್ನು ಕುರಿತಿರುವುದು ಸಹಜವೇ ಆಗಿದೆ.

ಮುಧೋಳ ನಾಯಿಯ ಇತಿಹಾಸ ಇದಕ್ಕಿಂತ ಈಚಿನದು. ನೀಳವಾದ ಮುಖ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದ ಕಾಲುಗಳ ಈ ನಾಯಿ ವಾಸನೆಗಿಂತ ಹೆಚ್ಚಾಗಿ ದೃಷ್ಟಿಯನ್ನು ನೆಚ್ಚಿ ಓಡುವ ಬೇಟೆನಾಯಿಗಳ ವರ್ಗಕ್ಕೆ ಸೇರಿದ್ದು. ಈ ಭಾಗದ ಬೇಟೆಗಾರ ಸಮುದಾಯಗಳು ಕಾಪಾಡಿಕೊಂಡು ಬಂದಿದ್ದ ಈ ತಳಿಯನ್ನು ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಅವರು ಪೋಷಿಸಿ ಉಳಿಸಿದರು. ಅವರು ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆಯಾಗಿ ಕೊಟ್ಟ ನಂತರ ಮುಧೋಳದ ಹೆಸರು ನಾಯಿಗೆ ನಿಂತಿತು. ಕರವಾನಿ ಎಂಬ ಹೆಸರೂ ಬಳಕೆಯಲ್ಲಿದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ನಾಯಿಯ ಅಂಚೆಚೀಟಿ ಹೊರತಂದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ತಲೆಯೆತ್ತಿತು. 2016ರಲ್ಲಿ ಇಲ್ಲಿಯ ಮರಿಗಳು ಮೇರಠಿನ ಸೇನಾ ಶ್ವಾನ ತರಬೇತಿ ಕೇಂದ್ರವನ್ನು ಸೇರಿದವು.

ಈ ತಳಿಗೆ ಹಿಂಡುಸ್ವಭಾವದ ತಿಳುವಳಿಕೆಯಿಂದ ಒದಗುವ ಮೊದಲ ಪಾಠ ಮರಿಯ ವಯಸ್ಸಿಗೆ ಸಂಬಂಧಿಸಿದ್ದು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ನಡೆಸಿ 1965ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಅಧ್ಯಯನವು, ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲದಲ್ಲಿಯೇ ಮರಿಯು ಯಾರು ತನ್ನವರೆಂದು ಕಲಿಯುತ್ತದೆ ಎಂಬುದನ್ನು ತೋರಿಸಿತು. ಇದಕ್ಕೆ ಸಾಮಾಜೀಕರಣದ ಕಾಲವೆಂದು ಹೆಸರು. ಈ ಸೀಮೆಯ ಕುರಿಗಾರರು ಎಳೆಯ ಮರಿಯನ್ನು ಕುರಿಮರಿಗಳ ನಡುವೆಯೇ ಬಿಟ್ಟು ಬೆಳೆಸುವಾಗ ಇದೇ ತತ್ತ್ವವನ್ನು ಅನುಭವದಿಂದ ಪಾಲಿಸುತ್ತಾರೆ: ಹಾಗೆ ಬೆಳೆದ ನಾಯಿ ಕುರಿಹಿಂಡನ್ನೇ ತನ್ನ ಬಳಗವೆಂದು ತಿಳಿದು, ಹೊಲದಲ್ಲಿ ಕುರಿ ನಿಲ್ಲಿಸಿದ ರಾತ್ರಿಗಳಲ್ಲಿ ತೋಳಕ್ಕೆ ಎದುರಾಗಿ ನಿಲ್ಲುತ್ತದೆ. ಆದ್ದರಿಂದ ಮುಧೋಳ ಮರಿಯನ್ನು ತೀರ ಎಳೆಯದಿದ್ದಾಗ ತಾಯಿಯಿಂದ ಅಗಲಿಸುವುದೂ, ಮಾರಾಟವಾಗುವವರೆಗೆ ತಿಂಗಳುಗಟ್ಟಲೆ ಗೂಡಿನ ಹೊರಗಿನ ಲೋಕವನ್ನೇ ತೋರಿಸದಿರುವುದೂ ಎರಡೂ ಹಾನಿಕರ. 2017ರ ನಾಯಿ ತಳಿಸಂವರ್ಧನೆ ಮತ್ತು ಮಾರಾಟ ನಿಯಮಗಳು ಎಂಟು ವಾರಕ್ಕಿಂತ ಎಳೆಯ ಮರಿಯ ಮಾರಾಟವನ್ನು ನಿಷೇಧಿಸಿರುವುದು ಇದೇ ವಿಜ್ಞಾನಕ್ಕೆ ಅನುಗುಣವಾಗಿದೆ. ಆ ಎಂಟು ವಾರಗಳಲ್ಲಿ ಸಾಕುವವರ ಮನೆಯಲ್ಲಿಯೂ, ಅನಂತರದ ವಾರಗಳಲ್ಲಿ ಕೊಂಡವರ ಮನೆಯಲ್ಲಿಯೂ ಮಕ್ಕಳ ಗದ್ದಲ, ಟ್ರ್ಯಾಕ್ಟರಿನ ಸದ್ದು, ದನಕರು, ಅಪರಿಚಿತರ ಸ್ಪರ್ಶ ಎಲ್ಲವೂ ಮರಿಗೆ ಹಿತವಾಗಿ ಪರಿಚಯವಾಗಬೇಕು.

ಎರಡನೆಯ ಪಾಠ ಬೇಟೆಯ ಉಮೇದಿಗೆ ಸಂಬಂಧಿಸಿದ್ದು. ಓಡುವುದನ್ನು ಕಂಡರೆ ಬೆನ್ನಟ್ಟುವುದು ಈ ನಾಯಿಗೆ ಹುಟ್ಟುಗುಣ, ಅವಿಧೇಯತೆಯಲ್ಲ. ಎರಡು ಮೂರು ನಾಯಿಗಳು ಕೂಡಿದರೆ ಒಂದರ ಓಟ ಮತ್ತೊಂದನ್ನು ಕೆರಳಿಸಿ, ಒಂಟಿಯಾಗಿ ಮಾಡದ ಕೆಲಸವನ್ನು ಗುಂಪಾಗಿ ಮಾಡುತ್ತವೆ. ಹಿಂಡುಸ್ವಭಾವದ ನಿಜವಾದ ಅಪಾಯ ಇಲ್ಲಿದೆ, ಮತ್ತು ಪಕ್ಕದ ಹಟ್ಟಿಯ ಕುರಿಗೆ ಆಗುವ ಹಾನಿ ಹೆಚ್ಚಾಗಿ ಹೀಗೆ ಆಗುತ್ತದೆ. ಅದಕ್ಕೆ ಪರಿಹಾರವೆಂದರೆ ಪ್ರತಿಯೊಂದು ನಾಯಿಗೂ ಬೇರೆ ಬೇರೆಯಾಗಿ, ಮೊದಲು ಬೇಲಿಯೊಳಗೆ, ಆಮೇಲೆ ಉದ್ದ ಹಗ್ಗ ಕಟ್ಟಿ ಬಯಲಿನಲ್ಲಿ ‘ಬಾ’ ಎಂಬ ಕರೆಯನ್ನು ರೂಢಿ ಮಾಡಿಸುವುದು. ಬಂದಾಗಲೆಲ್ಲ ಅದಕ್ಕೆ ಇಷ್ಟವಾದ ತುತ್ತು ಮತ್ತು ನೇವರಿಕೆ ಕೊಡುವುದು. ತಡವಾಗಿ ಬಂದರೂ ಎಂದೂ ಹೊಡೆಯದಿರುವುದು. ಒಂದೇ ಸೂಲಿನ ಎರಡು ಮರಿಗಳನ್ನು ಸದಾ ಕೂಡಿಯೇ ಬೆಳೆಸಿದರೆ ಅವು ಒಂದಕ್ಕೊಂದು ಅಂಟಿಕೊಂಡು ಮನುಷ್ಯನ ಮಾತಿಗೆ ಕಿವಿಗೊಡದಿರುವ ಸಂಭವವಿರುವುದರಿಂದ, ದಿನದ ಸ್ವಲ್ಪ ಹೊತ್ತಾದರೂ ಅವನ್ನು ಅಗಲಿಸಿ ಕಲಿಸಬೇಕು. ಮೊಲ, ಚಿಗರಿ ಮೊದಲಾದ ವನ್ಯಪ್ರಾಣಿಗಳ ಮೇಲೆ ನಾಯಿ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗಿರುವುದರಿಂದ, ಈ ತಳಿಯ ಓಟದ ಹಸಿವನ್ನು ಬಯಲಿನ ಓಟ ಮತ್ತು ಕಾವಲಿನ ಕ್ರಮಬದ್ಧ ಕೆಲಸದಿಂದ ತಣಿಸಬೇಕಾಗಿದೆ.

ಮೂರನೆಯ ಪಾಠ ದಂಡನೆ ಮತ್ತು ಬಂಧನಕ್ಕೆ ಸಂಬಂಧಿಸಿದ್ದು. ಮುಧೋಳ ನಾಯಿಯು ಸೂಕ್ಷ್ಮ ಸ್ವಭಾವದ್ದೆಂದೂ ಅಪರಿಚಿತರ ಕೈ ಮೈಮೇಲೆ ಬೀಳುವುದನ್ನು ಒಲ್ಲದೆಂದೂ ಸಾಕಿದವರೆಲ್ಲ ಬಲ್ಲರು. ಇಂಥ ನಾಯಿಯನ್ನು ಅಂಗಾತ ಕೆಡವಿ ಅದುಮಿದರೆ ಅದು ವಿಧೇಯವಾಗುವುದಿಲ್ಲ. ಭಯದಿಂದ ಮುದುಡುತ್ತದೆ ಇಲ್ಲವೆ ಕಚ್ಚುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯುವ ರೂಢಿಯೂ ಅಪಾಯಕಾರಿ. ಗುರುಗುಟ್ಟುವುದು ಕಚ್ಚುವ ಮುನ್ನಿನ ಎಚ್ಚರಿಕೆಯಾದ್ದರಿಂದ, ಅದನ್ನು ಅಡಗಿಸಿದರೆ ಎಚ್ಚರಿಕೆಯಿಲ್ಲದೆ ಕಚ್ಚುವ ನಾಯಿ ತಯಾರಾಗುತ್ತದೆ. ಬಳಗದ ಸಹವಾಸಕ್ಕೆ ಹುಟ್ಟಿದ ಪ್ರಾಣಿಯನ್ನು ಹಗಲಿರುಳು ಸರಪಳಿಯಲ್ಲಿ ಒಂಟಿಯಾಗಿ ಕಟ್ಟಿಹಾಕುವುದು, ಹಿಂಡುಸ್ವಭಾವದ ದೃಷ್ಟಿಯಿಂದ ನೋಡಿದರೆ, ಎಲ್ಲಕ್ಕಿಂತ ದೊಡ್ಡ ಶಿಕ್ಷೆ.

ಬೀದಿನಾಯಿಗಳ ಕುರಿತು ಒಂದು ಮಾತು ಸೇರಿಸಿ ಈ ಭಾಗವನ್ನು ಮುಗಿಸಬಹುದು. ಬೀದಿನಾಯಿಗಳ ಗುಂಪಿನ ಗಾತ್ರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಒಂದೆಡೆ ಬೀಳುವ ಆಹಾರ. ಆದ್ದರಿಂದ ಸಂತೆಯ ಮರುದಿನ ಕೊಳೆಯುವ ತ್ಯಾಜ್ಯವನ್ನು ತೆಗೆಯುವುದು, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಹುಚ್ಚುನಾಯಿ ರೋಗದ ಲಸಿಕೆಯನ್ನು ಬಿಡದೆ ನಡೆಸುವುದು ಊರಿನ ಸುರಕ್ಷತೆಗೆ ಕಲ್ಲೆಸೆಯುವುದಕ್ಕಿಂತ ಹೆಚ್ಚು ನೆರವಾಗುತ್ತದೆ. ಗುಂಪು ಎದುರಾದಾಗ ಓಡಬಾರದೆಂದೂ, ಮರಿಯಿರುವ ತಾಯಿಯ ಹತ್ತಿರ ಸುಳಿಯಬಾರದೆಂದೂ, ಕಚ್ಚಿದರೆ ಗಾಯವನ್ನು ಕೂಡಲೆ ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕೆಂದೂ ಪ್ರತಿಯೊಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡಬೇಕು.

ಒಟ್ಟಾರೆಯಾಗಿ ಹೇಳುವುದಾದರೆ, ಹಿಂಡಿನ ನಾಯಕನಾಗಲು ಬಯಸುವ ಮನುಷ್ಯನಿಗೆ ಪ್ರಕೃತಿಯಲ್ಲಿ ದೊರೆಯುವ ಮಾದರಿ ಹೆತ್ತವರದು: ಮೊದಲು ಉಣಿಸುವವರು, ಅಪಾಯಕ್ಕೆ ಎದುರು ನಿಲ್ಲುವವರು, ದಾರಿ ತೋರಿಸುವವರು. ಇಲ್ಲಿ ನೆರೆದಿರುವ ಸಾಕುವವರಲ್ಲಿ, ಕುರಿಗಾರರಲ್ಲಿ ಮತ್ತು ನಾಳೆ ಮರಿಯೊಂದನ್ನು ಮನೆಗೆ ತರಲಿರುವ ಯುವಕ ಯುವತಿಯರಲ್ಲಿ ಈ ಉಪನ್ಯಾಸದ ವಿನಂತಿ ಇಷ್ಟೇ: ಎಂಟು ವಾರ ತುಂಬುವ ಮೊದಲು ಮರಿಯನ್ನು ಕೊಡಬೇಡಿ, ಕೊಳ್ಳಬೇಡಿ, ಕೊಂಡ ಮೇಲೆ ಕಲಿಸುವ ಹೊಣೆಯನ್ನು ಕೋಲಿಗೆ ಬಿಡದೆ ಸ್ವತಃ ಹೊತ್ತುಕೊಳ್ಳಿ, ಮುಧೋಳದ ಹೆಸರನ್ನು ಜಗತ್ತಿಗೆ ಒಯ್ದ ತಳಿಯನ್ನು ಓಟದಲ್ಲಿ ಮಾತ್ರವಲ್ಲದೆ ನಡತೆಯಲ್ಲಿಯೂ ಹೆಸರುವಾಸಿಯಾಗಿ ಬೆಳೆಸಿರಿ.